ಸರ್ವಾನುಮತದ ಗುಟ್ಟು

ನಮ್ಮ ಸಮಾಜದ ವಧು-ವರ ಮಾಹಿತಿ ಕೇಂದ್ರದಲ್ಲಿ ಗುಟ್ಟಿಗೂ ಒಬ್ಬ ಸೂಚಕರು, ಒಬ್ಬ ಅನುಮೋದಕರು ಇರುತ್ತಿದ್ದರು. ಯಾರಾದರೂ ಸೂಚಿಸಬೇಕು, ಯಾರಾದರೂ ಅನುಮೋದಿಸಬೇಕು, ಆಮೇಲೆ ಸಭೆ ಕೈ ಎತ್ತಬೇಕು. ಅಲ್ಲಿಯವರೆಗೆ ಅದು ಗುಟ್ಟೇ ಅಲ್ಲ. ಮೂರು ವರ್ಷ ಅಲ್ಲಿ ಕೆಲಸ ಮಾಡಿದ ನಾನು ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಆ ಹಿರಿಯರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅಷ್ಟು ಹಾನಿ ಮಾಡಲು ಅವರಿಗೆ ಪುರುಸೊತ್ತೇ ಇರುತ್ತಿರಲಿಲ್ಲ.

ಎರಡು ಸಾವಿರನೇ ಇಸವಿ ದಾಟಿದ ಹೊಸತು. ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಅಂಗಡಿಯ ಯಜಮಾನರೇ ಕೇಂದ್ರದ ಅಧ್ಯಕ್ಷರು. ಕಾರ್ಯದರ್ಶಿಗಳು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತಿಯಾದದ್ದು ಅವರ ಶರೀರ ಮಾತ್ರ. ನಡಾವಳಿ ಪುಸ್ತಕ ಎದುರಿಗಿಲ್ಲದಿದ್ದರೆ ಅವರಿಗೆ ಕಾಫಿ ಕೂಡ ಇಳಿಯುತ್ತಿರಲಿಲ್ಲ. ನಾನು ಟೈಪಿಂಗ್ ಪಾಸಾಗಿ, ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದ್ದ ಹುಡುಗಿ. ಸಮಾಜದ ದಾನಿಯೊಬ್ಬರು ಒಂದು ಕಂಪ್ಯೂಟರ್ ಕೊಟ್ಟಿದ್ದರಿಂದ ನನಗೆ ಆ ಕೆಲಸ ಸಿಕ್ಕಿತ್ತು. ಕಂಪ್ಯೂಟರಿಗೆ ಹೊದಿಸಲು ಅಧ್ಯಕ್ಷರು ಅಂಗಡಿಯಿಂದ ಒಳ್ಳೆಯ ಬ್ಲೌಸ್ ಪೀಸು ಕಳಿಸಿದ್ದರು.

ಕಬ್ಬಿಣದ ಬೀರುವಿನೊಳಗಿದ್ದ ರಿಜಿಸ್ಟರುಗಳನ್ನೆಲ್ಲ ನಾನು ಕಂಪ್ಯೂಟರಿಗೆ ಹತ್ತಿಸಿದೆ. ಹೆಸರು, ನಕ್ಷತ್ರ, ಓದು, ಕೆಲಸ, ಎತ್ತರ, ಬಣ್ಣ. ಕೊನೆಯ ಕಾಲಂ ‘ಗೋಪ್ಯ’. ಜನ ನಮ್ಮ ಮೇಲೆ ಭರವಸೆಯಿಟ್ಟು, ಬೇರೆಯವರಿಗೆ ತಿಳಿಯಬಾರದೆಂದು ಹೇಳಿದ್ದು ಅಲ್ಲಿಗೆ ಹೋಗುತ್ತಿತ್ತು. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರ ಅಣ್ಣ ಮನೆ ಬಿಟ್ಟು ಹೋಗಿದ್ದಾನೆ, ಒಬ್ಬರ ತಲೆಗೂದಲು ಅವರದಲ್ಲ. ಇಂಥದ್ದೇ. ಫೈಲು ತೆರೆಯಲು ಪಾಸ್‌ವರ್ಡ್ ಹಾಕಿದೆ. ಕಾರ್ಯದರ್ಶಿಗಳು ಅದಕ್ಕೆ ‘ಗುಪ್ತಪದ’ ಎಂದು ನಾಮಕರಣ ಮಾಡಿದರು.

ಸಭೆಯಲ್ಲಿ ಆ ವಿಷಯ ಬಂದಾಗ ನಾನು ಮೆಲ್ಲಗೆ ಹೇಳಿದೆ: “ಸಾರ್, ಇದು ನಿಮಗೆ, ಅಧ್ಯಕ್ಷರಿಗೆ, ನನಗೆ ಗೊತ್ತಿದ್ರೆ ಸಾಕು. ಬರೀಬೇಡಿ.”

ಕಾರ್ಯದರ್ಶಿಗಳು ಕನ್ನಡಕದ ಮೇಲಿಂದ ನೋಡಿದರು. “ಬರೀದೇ ಹೋದ್ರೆ ನಾಳೆ ಯಾರಾದ್ರೂ ಕೇಳಿದ್ರೆ ಏನಮ್ಮ ಆಧಾರ? ಬಾಯಿಮಾತಲ್ಲಿ ಆಡಳಿತ ನಡೆಯುತ್ತಾ?”

ಹೀಗೆ ನಮ್ಮ ಗುಪ್ತಪದ ನಡಾವಳಿಗೆ ಏರಿತು. ‘ಸದರಿ ಗುಪ್ತಪದವು ಶುಭಮಸ್ತು ಎಂದಿರತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಸೂಚಕರು ಸಹಿ ಹಾಕಿದರು, ಅನುಮೋದಕರು ಸಹಿ ಹಾಕಿದರು. ಮುಂದಿನ ತಿಂಗಳ ಸಭೆಯಲ್ಲಿ ಪದ್ಧತಿಯಂತೆ ಹಿಂದಿನ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದಿ ದೃಢೀಕರಿಸಲಾಯಿತು. ಚಹಾ ತಂದಿದ್ದ ಹೋಟೆಲಿನವರೂ ನಿಂತು ಕೇಳಿಸಿಕೊಂಡರು.

ಭದ್ರಾವತಿಯಲ್ಲಿ ನಮ್ಮದೊಂದು ಶಾಖೆ ಇತ್ತು. ಅದರ ಸಂಚಾಲಕರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ತಮ್ಮ ಮನೆಯ ಮುಂಭಾಗದ ಕೋಣೆಯನ್ನೇ ಶಾಖೆ ಮಾಡಿಕೊಂಡು, ಬಂದವರಿಗೆಲ್ಲ ಮಂಡಕ್ಕಿ, ಕಾಫಿ ಕೊಟ್ಟು ಕಂಪ್ಯೂಟರ್ ಮುಂದೆ ಕೂರಿಸುವ ಧಾರಾಳಿ. ಪ್ರತಿ ವಾರ ನಾನು ಫೈಲನ್ನು ಫ್ಲಾಪಿಗೆ ಹಾಕಿ ಬಸ್ಸಿನಲ್ಲಿ ಅಲ್ಲಿಗೆ ಮುಟ್ಟಿಸಬೇಕು. ಗೋಪ್ಯದ ಕಾಲಂ ತೆಗೆದು ಕಳಿಸುತ್ತೇನೆಂದು ಒಮ್ಮೆ ಹೇಳಿದ್ದಕ್ಕೆ ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಏನ್ ಮಾರಾಯ್ತಿ, ಭದ್ರಾವತಿಯವರು ಅಂದ್ರೆ ಅಷ್ಟು ಅಗ್ಗವಾ? ಶಿವಮೊಗ್ಗದವರ ಹೊಟ್ಟೇಲಿ ಮಾತ್ರ ಗುಟ್ಟು ನಿಲ್ಲುತ್ತಾ? ನಮ್ಮ ಹೊಟ್ಟೆಗೇನು ತೂತು ಬಿದ್ದಿದ್ಯಾ?”

ಅಧ್ಯಕ್ಷರು ಊರೂರುಗಳ ನಡುವೆ ವೈಮನಸ್ಯ ಬೇಡವೆಂದರು. ಕಾಲಂ ಸಮೇತ ಫ್ಲಾಪಿ ಹೋಯಿತು. ಮುಂದಿನ ವಾರ ಅದು ಹಿಂದಿರುಗಿದಾಗ ನೋಡುತ್ತೇನೆ, ಅದರ ಚೀಟಿಯ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ, ಕಾರ್ಖಾನೆಯ ಪೆಟ್ಟಿಗೆಗಳ ಮೇಲೆ ಬರೆಯುವಷ್ಟು ದಪ್ಪಕ್ಕೆ, ಶುಭಮಸ್ತು. ಫೋನ್ ಮಾಡಿ ಕೇಳಿದರೆ, “ಮರ್ತೋದ್ರೆ ಏನ್ ಮಾಡೋದು? ಬೀಗದ ಹತ್ರವೇ ಕೀಲಿ ಇದ್ರೆ ಕಳೆಯೋದಿಲ್ಲ ನೋಡು” ಎಂದರು.

ಇದಕ್ಕೆಲ್ಲ ನಾನೂ ನಗುತ್ತಲೇ ಇದ್ದೆ. ಮನೆಯಲ್ಲಿ ಹೇಳಿ ಅಮ್ಮನನ್ನೂ ನಗಿಸುತ್ತಿದ್ದೆ. ಆ ಟೀಚರು ಬರುವ ತನಕ.

ಭದ್ರಾವತಿಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಮೂವತ್ತೆರಡು ವರ್ಷ. ತಮ್ಮ ಊರಿನಲ್ಲೇ ಶಾಖೆ ಇದ್ದರೂ, ಅಲ್ಲಿ ಎಲ್ಲರೂ ಪರಿಚಯದವರೆಂದು ಶಿವಮೊಗ್ಗಕ್ಕೇ ಬಂದಿದ್ದರು. ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಅರ್ಜಿ ತುಂಬಿಸಿ ಕೊಟ್ಟು, ಆಮೇಲೆ ಹೇಳಿದರು.

“ಒಂದು ವಿಷಯ ಬರೆದಿಲ್ಲ ತಂಗಿ. ನನಗೊಂದು ಮದುವೆ ಆಗಿತ್ತು. ಹತ್ತು ವರ್ಷದ ಹಿಂದೆ. ನಾಲ್ಕು ತಿಂಗಳು ಇದ್ದೆ, ಆಮೇಲೆ ಎದ್ದು ಬಂದೆ. ಕೋರ್ಟಲ್ಲಿ ಎಲ್ಲ ಮುಗಿದಿದೆ.”

“ಅದನ್ನ ಗೋಪ್ಯದಲ್ಲಿ ಹಾಕ್ತೀನಕ್ಕ. ಸಂಬಂಧ ಗಟ್ಟಿಯಾದ ಮೇಲೆ ಹಿರಿಯರು ಗಂಡಿನ ಕಡೆಯವರಿಗೆ ಹೇಳ್ತಾರೆ.”

“ಹಿರಿಯರು ಹೇಳೋದು ಬೇಡ. ನಾನೇ ಹೇಳ್ಬೇಕು. ಬಿಟ್ಟು ಬಂದೋಳು ನಾನು, ಯಾಕೆ ಅಂತ ಗೊತ್ತಿರೋದು ನನಗೆ. ಇನ್ನೊಬ್ಬರ ಬಾಯಿಗೆ ಬಿದ್ರೆ ಅದು ‘ಗಂಡ ಬಿಟ್ಟೋಳು’ ಅಂತ ಆಗಿಬಿಡುತ್ತೆ. ಆಮೇಲೆ ನಾನು ಏನು ಹೇಳಿದ್ರೂ ಸಮಜಾಯಿಷಿ ಥರಾನೇ ಕೇಳಿಸೋದು.” ಆಮೇಲೆ ಕಂಪ್ಯೂಟರಿನ ಕಡೆ ನೋಡಿ ಕೇಳಿದರು: “ಇದನ್ನ ಯಾರ್‍ಯಾರು ನೋಡ್ತಾರೆ?”

ಇಲ್ಲಿ ನಾನು ಮಾಡಿದ್ದನ್ನು ಹೇಳಿಬಿಡಬೇಕು. ಫ್ಲಾಪಿಯ ಚೀಟಿ ಕಣ್ಣ ಮುಂದೆ ಬಂತು. ಆದರೂ ಕೆಲಸದ ಜಂಬವೋ, ಆಫೀಸಿನ ಮರ್ಯಾದೆ ಕಾಯುವ ಹುಚ್ಚೋ, “ಪಾಸ್‌ವರ್ಡ್ ಇದೆ ಅಕ್ಕ, ಯಾರೂ ನೋಡೋಕಾಗಲ್ಲ” ಎಂದೆ. ಅವರು ನಂಬಿ ಹೋದರು.

ಎರಡು ತಿಂಗಳಲ್ಲಿ ಒಂದು ಸಂಬಂಧ ಕೂಡಿಬಂತು. ಶಿವಮೊಗ್ಗದ ನವುಲೆ ಕಡೆಯ ಮನೆ. ಹುಡುಗ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದರು. ಹುಡುಗ ಅಂದರೆ ಮೂವತ್ತಾರು. ಇಬ್ಬರೂ ಹೋಟೆಲಿನಲ್ಲಿ ಒಮ್ಮೆ ಕೂತು ಮಾತಾಡಿದ್ದರು. ಮಾರನೆಯ ದಿನವೇ ಟೀಚರು ಫೋನ್ ಮಾಡಿದರು. ಅವರ ದನಿಯಲ್ಲಿ ಅಂಥ ಹಗುರ ನಾನು ಕೇಳಿದ್ದು ಅದೇ ಮೊದಲು. “ಮಾತಾಡೋದಕ್ಕಿಂತ ಜಾಸ್ತಿ ಕೇಳಿಸ್ಕೊಳ್ತಾರೆ ಕಣೇ. ಬರೋ ಭಾನುವಾರ ಎಲ್ಲ ಹೇಳ್ತೀನಿ. ಹ್ಯಾಗೆ ಶುರು ಮಾಡೋದು ಅಂತ ಈಗ್ಲೇ ಯೋಚನೆ ಮಾಡ್ತಿದೀನಿ.”

ಫೋನ್ ಇಟ್ಟ ಮೇಲೆ ನನಗೆ ಭದ್ರಾವತಿ ಶಾಖೆ ನೆನಪಾಯಿತು. ಗಂಡಿನ ಕಡೆಯವರು ಹೆಣ್ಣಿನ ಊರಿನಲ್ಲಿ ವಿಚಾರಿಸದೆ ಇರುತ್ತಾರೆಯೇ? ಭದ್ರಾವತಿಗೆ ಹೋಗಿಯೇ ಹೋಗುತ್ತಾರೆ; ಹೋದರೆ ಮಂಡಕ್ಕಿ, ಕಾಫಿ, ಕಂಪ್ಯೂಟರ್. ಓಡಿಹೋಗಿ ಕಾರ್ಯದರ್ಶಿಗಳ ಮುಂದೆ ನಿಂತೆ. ಶಾಖೆಯ ಫ್ಲಾಪಿ ಹಿಂದಕ್ಕೆ ತರಿಸಬೇಕು, ಪಾಸ್‌ವರ್ಡ್ ಬದಲಿಸಬೇಕು, ಹೊಸದನ್ನು ಭಾನುವಾರ ಕಳೆಯುವವರೆಗಾದರೂ ಯಾರಿಗೂ ಹೇಳಬಾರದು ಎಂದೆ.

ಅವರು ಗಂಭೀರವಾಗಿ ಕೇಳಿಸಿಕೊಂಡರು. “ನೀನು ಹೇಳೋದು ಸರಿ. ಗೋಪ್ಯತೆ ಬಹಳ ಮುಖ್ಯ. ಇವತ್ತೇ ತುರ್ತು ಸಭೆ ಕರೀತೀನಿ” ಎಂದರು.

ಅಂದು ಸೋಮವಾರ; ಸಂಜೆಯೇ ಸಭೆ ಸೇರಿತು. ಗೋಪ್ಯತೆಯ ಮಹತ್ವದ ಬಗ್ಗೆ ಅಧ್ಯಕ್ಷರು ಅರ್ಧ ಗಂಟೆ ಮಾತಾಡಿದರು. ಹಿಂದಿನದರ ಮುಂದುವರಿಕೆ ಎಂದು ಕಡತದಲ್ಲಿ ಗೊತ್ತಾಗಬೇಕಾದ್ದರಿಂದ ಹೊಸ ಗುಪ್ತಪದ ‘ಶುಭಮಸ್ತು ಎರಡು’ ಎಂದಾಯಿತು. ಸೂಚನೆ, ಅನುಮೋದನೆ, ಚಪ್ಪಾಳೆ. ಹಳೆಯ ಫ್ಲಾಪಿ ತರಿಸಿ ಹೊಸದನ್ನು ಕಳಿಸುವುದಕ್ಕೂ ಒಪ್ಪಿದರು. ಚೀಟಿಯ ಮೇಲೆ ಏನೂ ಬರೆಯಬಾರದೆಂದು ಕಟ್ಟಪ್ಪಣೆಯೂ ಆಯಿತು. ಆ ರಾತ್ರಿ ನಾನು ನೆಮ್ಮದಿಯಿಂದ ಮಲಗಿದೆ.

ಶಾಖೆಗೆ ಸಭೆಯ ತೀರ್ಮಾನಗಳನ್ನು ತಿಳಿಸುವುದು ಕಾರ್ಯದರ್ಶಿಗಳ ಕರ್ತವ್ಯವಾಗಿತ್ತು. ಕರ್ತವ್ಯದಲ್ಲಿ ಅವರು ಯಾವತ್ತೂ ಹಿಂದೆ ಬಿದ್ದವರಲ್ಲ. ಮಂಗಳವಾರ ಬೆಳಿಗ್ಗೆಯೇ ಒಂದು ಪೋಸ್ಟ್ ಕಾರ್ಡ್ ಬರೆದು ಡಬ್ಬಿಗೆ ಹಾಕಿದರು. ಮೇಲೆ ‘ಅತ್ಯಂತ ಗೋಪ್ಯ’ ಎಂದು ಬರೆದು ಎರಡು ಗೆರೆ ಎಳೆದು, ಕೆಳಗೆ ಗುಪ್ತಪದ. ಕಾರ್ಡು ಎರಡು ಊರುಗಳ ಅಂಚೆ ಕಚೇರಿ ದಾಟಿ, ಪೋಸ್ಟ್‌ಮನ್ನಿನ ಕೈಯಿಂದ ಸಂಚಾಲಕರಿಗೆ ಬಂತು. ಅವರಂತೂ ಈ ಸಲ ಫ್ಲಾಪಿಯ ಮೇಲೆ ಒಂದಕ್ಷರ ಬರೆಯಲಿಲ್ಲ. ಕಾರ್ಡನ್ನು ಕಂಪ್ಯೂಟರಿನ ಮೇಲಿನ ಗೋಡೆಗೆ, ಕ್ಯಾಲೆಂಡರಿನ ಮೊಳೆಗೇ ಚುಚ್ಚಿದರು.

ಆ ವಾರ ನಡೆದದ್ದೆಲ್ಲ ನನಗೆ ಗೊತ್ತಾದದ್ದು ಮುಂದಿನ ಸೋಮವಾರ. ಕಾರ್ಯದರ್ಶಿಗಳೂ ಅಧ್ಯಕ್ಷರೂ ಅಲ್ಲೇ ಕೂತಿದ್ದಾಗ ಟೀಚರು ಮೆಟ್ಟಿಲು ಹತ್ತಿ ಬಂದರು. ಅಂದು ಶಾಲೆಗೆ ರಜೆ ಹಾಕಿದ್ದರು.

ಅಧ್ಯಕ್ಷರ ಮುಖ ಅರಳಿತು. “ಬಾ ತಾಯಿ, ಬಾ. ಗಂಡಿನ ಸೋದರಮಾವ ಶನಿವಾರವೇ ಅಂಗಡಿಗೆ ಫೋನ್ ಮಾಡಿದ್ರು. ಅವರು ಒಪ್ಪಿದಾರಂತೆ! ಎಲ್ಲ ಗೊತ್ತಿದ್ದೂ ಒಪ್ಪಿದಾರೆ ಅಂದ್ರೆ ಎಂಥಾ ದೊಡ್ಡ ಮನಸ್ಸು ನೋಡು.”

“ಎಲ್ಲ ಹ್ಯಾಗೆ ಗೊತ್ತಾಯ್ತು ಸಾರ್?”

“ಗುರುವಾರ ಭದ್ರಾವತಿ ಶಾಖೆಗೆ ಹೋಗಿದ್ರಂತೆ. ನಮ್ಮ ಸಂಚಾಲಕರು ಎಲ್ಲ ತೋರಿಸಿದಾರೆ. ಶುಭ ಕಾರ್ಯದಲ್ಲಿ ಮುಚ್ಚುಮರೆ ಯಾಕೆ?”

ಟೀಚರು ನಿಂತೇ ಇದ್ದರು. ಹೇಳಿದ್ದು ಅಧ್ಯಕ್ಷರಿಗೆ, ನೋಡಿದ್ದು ನನ್ನನ್ನು. “ನಿನ್ನೆ ನಾನು ಮಾತು ಶುರು ಮಾಡಿದೆ. ಒಂದು ವಾರದಿಂದ ಜೋಡಿಸಿಟ್ಕೊಂಡಿದ್ದ ಮಾತು. ಎರಡು ವಾಕ್ಯ ಆಡೋದ್ರೊಳಗೆ ಅವ್ರು ಕೈ ಅಡ್ಡ ಹಿಡಿದು, ‘ಬೇಡ ಬಿಡಿ, ಎಲ್ಲ ಗೊತ್ತಾಗಿದೆ. ನಮ್ಮ ಮನೇಲಿ ಕ್ಷಮಿಸಿದಾರೆ’ ಅಂದ್ರು.”

“ನೋಡಿದ್ರಾ!” ಎಂದರು ಕಾರ್ಯದರ್ಶಿಗಳು.

“ಏನನ್ನ ಸಾರ್ ಕ್ಷಮಿಸೋದು? ನಾನೇನು ತಪ್ಪು ಮಾಡಿದೀನಿ? ಏನಾಯ್ತು ಅಂತ ಅವರು ಕೇಳಲೇ ಇಲ್ಲ. ನಿಮ್ಮ ಒಂದು ಸಾಲು ಓದ್ಕೊಂಡು, ಮನೆಮಂದಿಯೆಲ್ಲ ಕೂತು ತೀರ್ಪು ಕೊಟ್ಟು, ಕ್ಷಮಿಸಿ ಕಳಿಸಿದಾರೆ. ಆ ಮನೇಲಿ ನಾನು ಸಾಯೋವರೆಗೂ ಕ್ಷಮೆ ಪಡೆದೋಳೇ. ನನಗೆ ಬೇಡ. ಬೇಡ ಅಂತ ಅಲ್ಲೇ ಹೇಳಿ ಬಂದೆ.”

ಅಧ್ಯಕ್ಷರಿಗೆ ಇದು ಏನು ಮಾಡಿದರೂ ಅರ್ಥವಾಗಲಿಲ್ಲ. ಗಂಡು ಒಪ್ಪಿದ ಮೇಲೂ ಹೆಣ್ಣು ಬೇಡವೆನ್ನುವುದು ಅವರ ಅಂಗಡಿಯಲ್ಲಿ ಎಂದೂ ಕಂಡಿರದ ನಮೂನೆ.

“ನನ್ನ ಹೆಸರು, ವಿಷಯ ಎಲ್ಲ ಅಳಿಸಿಬಿಡಿ” ಎಂದರು ಟೀಚರು.

ಕಾರ್ಯದರ್ಶಿಗಳು ನಡಾವಳಿ ಪುಸ್ತಕ ಹತ್ತಿರ ಎಳೆದುಕೊಂಡರು. “ಹಾಗೆಲ್ಲ ಅಳಿಸೋಕೆ ಬರಲ್ಲಮ್ಮ. ಒಂದು ಅರ್ಜಿ ಕೊಡಿ. ಮುಂದಿನ ಸಭೆಯಲ್ಲಿ ಮಂಡಿಸಿ...”

“ಎದ್ದೇಳು ತಂಗಿ” ಎಂದರು ಟೀಚರು ನನಗೆ. ನಾನು ಎದ್ದೆ. ನನ್ನ ಕುರ್ಚಿಯಲ್ಲಿ ಕೂತು, ಫೈಲು ಒತ್ತಿ, ಅದು ಕೇಳಿದ ಕೂಡಲೇ ಗುಪ್ತಪದವನ್ನು ಒಂದೂ ಅಕ್ಷರ ತಪ್ಪದೆ ಹೊಡೆದರು. ಫೈಲು ತೆರೆಯಿತು.

ಕಾರ್ಯದರ್ಶಿಗಳು ಕುರ್ಚಿಯಿಂದ ಅರ್ಧ ಮೇಲೆದ್ದರು. “ಗುಪ್ತಪದ ನಿಮಗೆ ಹ್ಯಾಗೆ ಗೊತ್ತು? ಇದು ಗಂಭೀರ ವಿಷಯ!”

“ಬೆಳಿಗ್ಗೆ ನಿಮ್ಮ ಶಾಖೆಗೆ ಹೋಗಿದ್ದೆ ಸಾರ್. ಕಾಫಿ ಕೊಟ್ಟು ಕೂರಿಸಿದ್ರು. ನೀವು ಬರೆದ ಕಾರ್ಡು ಎದುರಿಗೇ ಇತ್ತು. ಅಕ್ಷರ ಮುತ್ತಿನ ಹಾಗಿದೆ.” ಕೈಚೀಲದಿಂದ ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟರು. “ಅವರನ್ನ ಕೇಳಿಯೇ ತಂದೆ. ಬೇಡ ಅನ್ನಲಿಲ್ಲ. ಮಂಡಕ್ಕಿನೂ ಕಟ್ಟಿ ಕೊಡ್ತೀನಿ ಅಂದ್ರು.”

ತಮ್ಮ ಸಾಲು ಹುಡುಕಿದರು. ಗೋಪ್ಯದ ಕಾಲಮ್ಮಿನಲ್ಲಿ ನಾನು ಬರೆದಿದ್ದು ಮೂರೇ ಪದ: ‘ಮೊದಲ ಮದುವೆ ಮುರಿದಿದೆ.’ ಹತ್ತು ವರ್ಷದ ಬದುಕನ್ನು ನಾನು ಕುಗ್ಗಿಸಿದ್ದ ರೀತಿ ಅದು. ಸಾಲನ್ನು ಅಳಿಸಿ, ನಿಜವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿದ್ದಕ್ಕೆ ಹೌದೆಂದು ಒತ್ತಿ ಎದ್ದರು.

ನಾನು ಅವರ ಹಿಂದೆಯೇ ಮೆಟ್ಟಿಲಿಳಿದೆ. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದೆ. ತಪ್ಪಾಯಿತೆಂದು ಹೇಳಲು ಬಾಯಿ ತೆರೆದರೆ, ಕ್ಷಮೆಯ ಮಾತೆತ್ತಲೇ ಹೆದರಿಕೆ. ಭದ್ರಾವತಿ ಬಸ್ಸಿನ ಪಕ್ಕ ನಿಂತು ಅವರೇ ಕೇಳಿದರು:

“ಆ ಕಾಲಮ್ಮಲ್ಲಿ ಇನ್ನೂ ಎಷ್ಟು ಜನ ಇದಾರೆ?”

“ನಲವತ್ತರ ಹತ್ರ ಇರಬಹುದು ಅಕ್ಕ.”

“ಅವರಿಗೂ ಯಾರೂ ನೋಡೋಕಾಗಲ್ಲ ಅಂತಾನೇ ಹೇಳಿದೀಯಾ?”

ನಾನು ಹೌದೆಂದು ತಲೆಯಾಡಿಸಿದೆ.

“ಹಾಗಾದ್ರೆ ನೀನೇ ಹೇಳು ಅವರಿಗೆ” ಎಂದು ಬಸ್ಸು ಹತ್ತಿದರು.

ಆ ವಾರವೆಲ್ಲ ಊಟದ ವಿರಾಮದಲ್ಲಿ ಕೂತು ಕಾಗದ ಬರೆದೆ. ಒಬ್ಬೊಬ್ಬರಿಗೂ ಬೇರೆ ಬೇರೆ, ಲಕೋಟೆಯಲ್ಲಿ ಹಾಕಿ, ಗೋಂದು ಹಚ್ಚಿ. ನೀವು ನಮ್ಮನ್ನು ನಂಬಿ ಹೇಳಿದ ವಿಷಯ ಬೇರೆಯವರೂ ಓದುವಂತಿದೆ, ಬೇಕಿದ್ದರೆ ಬಂದು ಅಳಿಸಿಕೊಳ್ಳಿ, ನಾನು ಇರುತ್ತೇನೆ ಎಂದು. ಜನ ಒಬ್ಬೊಬ್ಬರಾಗಿ ಬರತೊಡಗಿದರು. ಕೆಲವರು ಬೈದರು, ಕೆಲವರು ಅತ್ತರು, ವಿಗ್ಗಿನವರು ಮಾತ್ರ ಒಮ್ಮೆ ತಲೆ ಸವರಿಕೊಂಡು, ಅಳಿಸಿಕೊಂಡು ಹೋದರು. ಎಲ್ಲರಿಗೂ ನನ್ನ ಕುರ್ಚಿ ಬಿಟ್ಟುಕೊಟ್ಟೆ.

ವಿಷಯ ಗೊತ್ತಾದ ಮೇಲೆ ಕಾರ್ಯದರ್ಶಿಗಳು ನನ್ನನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: “ಯಾವ ಸಭೆಯ ತೀರ್ಮಾನದ ಮೇರೆಗೆ ಈ ಪತ್ರ ಬರೆದೆ?”

“ಯಾವ ಸಭೇದೂ ಅಲ್ಲ ಸಾರ್.”

ಅವರು ಪೆನ್ನಿನ ಕ್ಯಾಪು ತೆಗೆದರು. ನನ್ನನ್ನು ಕೆಲಸದಿಂದ ತೆಗೆಯುವ ವಿಷಯ ಮುಂದಿನ ಸಭೆಗೆ ಬರಬೇಕಿತ್ತು. ಅದಕ್ಕೆ ಇನ್ನೂ ಒಂಬತ್ತು ದಿನವಿತ್ತು. ಆ ಒಂಬತ್ತು ದಿನದಲ್ಲಿ ಇನ್ನೂ ಹದಿನಾಲ್ಕು ಜನ ಬಂದು ಹೋದರು.