ಕಿವಿಗೆ ಹಾಕಿದ ಬೀಗ

ಪೋರ್ಟೊ ರಿಕೊದ ಊತುವಾದೊ ಊರಿನ ಶಾಲೆಯಲ್ಲಿ ಅಡುಗೆ ಮಾಡುವ ಸೊರೈದಾಗೆ ಮನೆಯಲ್ಲೇ ಕೂತು ದೂರದೇಶದವರೊಡನೆ ಮಾತಾಡುವ ಹವ್ಯಾಸಿ ರೇಡಿಯೋದ ಹುಚ್ಚು. ಅದಕ್ಕಿಂತ ಹೆಚ್ಚಿನದು ಲೈಸೆನ್ಸ್ ಕಳೆದುಕೊಳ್ಳುವ ಭಯ. ಒಮ್ಮೆ ತನ್ನ ಲೈಸೆನ್ಸಿನ ದರ್ಜೆಗೆ ಸಲ್ಲದ ತರಂಗದಲ್ಲಿ ಮಾತಾಡಿ ಹವ್ಯಾಸಿಗಳಿಂದೆಲ್ಲ ಛೀಮಾರಿ ಹಾಕಿಸಿಕೊಂಡಿದ್ದಳು. ಯಾರು ಯಾವ ತರಂಗದಲ್ಲಿ ಕೇಳಿಸುತ್ತಿದ್ದಾರೆಂದು ಅವರು ಕಂಪ್ಯೂಟರಿನಲ್ಲಿ ಹಂಚಿಕೊಳ್ಳುವ ಸುದ್ದಿಗೆ ಅಂದಿನಿಂದ ಜರಡಿ ಹಿಡಿದಳು: ತನಗೆ ನಿಷಿದ್ಧವಾದ ತರಂಗದ ಸುದ್ದಿ ಕಣ್ಣಿಗೇ ಬೀಳಬಾರದು.

ದಕ್ಷಿಣದ ಹಿಮದ್ವೀಪವೊಂದರಲ್ಲಿ ಬೀಡುಬಿಟ್ಟ ಹವ್ಯಾಸಿಗಳ ತಂಡವೊಂದು ರೇಡಿಯೋದಲ್ಲಿ ಲೋಕದೊಡನೆ ಮಾತಾಡುತ್ತಿತ್ತು; ಅವರನ್ನು ಒಮ್ಮೆ ಮಾತಾಡಿಸಬೇಕೆಂದು ಸೊರೈದಾಳ ಆಸೆ. ಇಂದು ಕೊನೆಯ ದಿನ. ಪರದೆಯಲ್ಲಿ ಅವರ ಸುಳಿವೇ ಇಲ್ಲ. ಕಾದು ಕೂತವಳಿಗೆ ಒಲೆಯ ಮೇಲಿನ ತೊಗರಿಕಾಳಿನ ಅನ್ನ ಸೀದದ್ದೂ ತಿಳಿಯಲಿಲ್ಲ.

ನೆರೆಮನೆಯ ಹವ್ಯಾಸಿ ಎಫ್ರಾಯಿನ್ ಗೆಳತಿಯನ್ನು ಕರೆಯುವ ಊರ ಸಲುಗೆಯಲ್ಲಿ ಕಿಟಕಿಯಿಂದ ಕೂಗಿದ: “ಏನ್ ಕೊಮಾಯ್, ಹಿಮದವ್ರು ಸಿಕ್ಕಿದ್ರಾ?”

“ಎಲ್ಲಿದಾರೋ? ನಂಗೇನೂ ಕಾಣ್ತಿಲ್ಲ.”

“ವಾರದಿಂದ ಒಂದೇ ಕಡೆ ಕೂಗ್ತಿದಾರಲ್ಲೇ!” ಎಂದು ತರಂಗ ಹೇಳಿದ.

ಸೊರೈದಾ ತನ್ನ ಜರಡಿಯನ್ನು ನೋಡಿದಳು; ತಾನೇ ತಡೆದಿಟ್ಟ ತರಂಗ ಅದು. “ಅಯ್ಯೋ, ಅದು ನಂಗೆ ಸಲ್ಲಲ್ಲ.”

“ಪೆದ್ದಿ, ಅವ್ರು ಮಾತಾಡೋದು ಅಲ್ಲಿ. ನಮ್ಮನ್ನ ಕೇಳಿಸ್ಕೊಳ್ಳೋದು ಸ್ವಲ್ಪ ಮೇಲಿನ ತರಂಗದಲ್ಲಿ, ನಿಂಗೆ ಸಲ್ಲೋ ಜಾಗದಲ್ಲೇ. ಲೈಸೆನ್ಸ್ ಬೇಕಿರೋದು ಬಾಯಿಗೆ ಕಣೇ, ಕಿವಿಗಲ್ಲ!”

ರೇಡಿಯೋವನ್ನು ಆ ತರಂಗಕ್ಕೆ ತಿರುಗಿಸಿದಳು. ದ್ವೀಪದ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. ಕರೆಯಬೇಕು, ಆದರೆ ತನ್ನ ದನಿ ಹೋಗುವುದು ಯಾವ ತರಂಗಕ್ಕೆ? ತನ್ನ ದನಿ ಮೇಲಿನ ತರಂಗಕ್ಕೆ ಹೋಗುವಂತೆ ಹೊಂದಿಸಿ ಗುಂಡಿ ನೋಡಿದಳು, ಸರಿಯಿತ್ತು. ಮತ್ತೆ ನೋಡಿದಳು. ಮತ್ತೊಮ್ಮೆ ನೋಡಿದಳು. ಮೈಕ್ ಎತ್ತುವಷ್ಟರಲ್ಲಿ ಆ ದನಿ, “ಹಡಗು ಬಂತು, ಎಲ್ಲರಿಗೂ ವಂದನೆ” ಎಂದು ಆರಿಹೋಯಿತು.

“ಸಿಕ್ಕಿದ್ರಾ?” ಎಫ್ರಾಯಿನ್ ಮತ್ತೆ ಕೂಗಿದ.

“ಸಿಕ್ಕಿದ್ರು,” ಎಂದಳು ಸೊರೈದಾ. “ಕಿವಿಗೆ.”