ಜಿಂಕೆ ತಿನ್ನಿಸಿದ ಉಸ್ತಾದರು

ಉಸ್ತಾದರ ಬಲಗೈಯ ನಡುಬೆರಳು ಅರ್ಧಕ್ಕೇ ಮುಗಿದಿತ್ತು. ಆ ಮೋಟು ಬೆರಳನ್ನು ಮುಚ್ಚಿಟ್ಟುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಚಹಾದ ಕಪ್ಪು ಹಿಡಿಯುವಾಗ, ಬೀಡಿ ಹಚ್ಚುವಾಗ, ಪಂಪಿನ ನಟ್ಟು ಬಿಚ್ಚುವಾಗ ಅದನ್ನೇ ಎದುರಿನವನ ಮೂಗಿನ ಮುಂದೆ ಎತ್ತಿ ಹಿಡಿಯುತ್ತಿದ್ದರು ಅಂತ ದಾಂಡೇಲಿಯ ಮಂದಿ ಹೇಳುತ್ತಿದ್ದರು. ಏನಾಯ್ತ್ರಿ ಇದು ಅಂತ ಕೇಳಿದಿರೋ, ಮುಗೀತು ನಿಮ್ಮ ಕಥೆ. ಸೂಪಾ ಹಿನ್ನೀರಿನ ದಂಡೆಯಲ್ಲಿ ಒಂಟಿ ಹಂದಿಯೊಂದು ಆ ಬೆರಳನ್ನು ಕಚ್ಚಿಕೊಂಡು ಹೋಯಿತಂತೆ. ಇವರು ಉಳಿದರ್ಧ ಬೆರಳಿನಲ್ಲೇ ಟ್ರಿಗರ್ ಎಳೆದು ಅದನ್ನು ಕೆಡವಿದರಂತೆ. "ನಮಗ ಹಂದಿ ಹರಾಮು, ಖರೆ. ಆದ್ರ ರೈತರು ಬಂದು ಕಾಲ ಹಿಡದ್ರು, ಏನ್ ಮಾಡ್ಲಿ?" ಅನ್ನುವಷ್ಟರಲ್ಲಿ ಕೇಳುವವನ ಬಸ್ಸು ತಪ್ಪಿರುತ್ತಿತ್ತು.

ನಾನು ಅವರ ಹೆಸರು ಕೇಳಿದರೆ ಉರಿದು ಬೀಳುತ್ತಿದ್ದೆ. ಈಗ ಸತ್ತಿದ್ದಾರೆ ಅಂತ ಬಣ್ಣ ಬಳಿದು ಬರೆಯುವುದು ನನ್ನ ಕೈಲಾಗದು.

ದಾಂಡೇಲಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಡೀಸೆಲ್ ಎಂಜಿನ್ನು, ನೀರಿನ ಪಂಪು ರಿಪೇರಿ ಮಾಡುವುದು ಅವರ ಕಸುಬು. ವಯಸ್ಸು ಅರವತ್ತರ ಮೇಲೆ. ನಾನು ಹಳಿಯಾಳದವನು, ಸರ್ಕಾರಿ ಬಸ್ಸಿನ ಕಂಡಕ್ಟರ್. ನಮ್ಮಿಬ್ಬರನ್ನು ಕೂಡಿಸಿದ್ದು ಒಂದು ವಾಟ್ಸ್ಯಾಪ್ ಗುಂಪು. ಶಿಕಾರಿ ಹುಚ್ಚಿನವರ ಗುಂಪು ಅದು. ಹುಚ್ಚೇ ಹೊರತು ಶಿಕಾರಿ ಇಲ್ಲ. ಇವತ್ತಿನ ದಿನ ಕಾಡಿನ ಒಂದು ಮೊಲ ಮುಟ್ಟಿದರೂ ಜೈಲು ಅಂತ ಎಲ್ಲರಿಗೂ ಗೊತ್ತಿತ್ತು. ಅಜ್ಜನ ಕಾಲದ ಕೋವಿಯ ಫೋಟೋ ಹಾಕುವುದು, ಹೆಜ್ಜೆ ಗುರುತು ನೋಡಿ ಇದು ಕಡವೆಯೋ ಜಿಂಕೆಯೋ ಅಂತ ಜಗಳವಾಡುವುದು, ಇಷ್ಟೇ. ನನ್ನಜ್ಜನೂ ಕೋವಿ ಹಿಡಿದವನಾದ್ದರಿಂದ ನಾನೂ ಸೇರಿಕೊಂಡೆ. ಕನ್ನಡ ಚಂದ ಬರೆಯುತ್ತೀ ಅಂತ ನನ್ನನ್ನೇ ಅಡ್ಮಿನ್ ಮಾಡಿದರು.

ಉಸ್ತಾದರಿಗೆ ಬರೆಯಲು ಬರುತ್ತಿರಲಿಲ್ಲ. ಅವರದೆಲ್ಲ ವಾಯ್ಸ್ ಮೆಸೇಜು. ದಿನಾ ಮುಂಜಾನೆ ಒಂದು, ಅರ್ಧ ಕನ್ನಡ, ಅರ್ಧ ಉರ್ದು. ಕರಡಿ ಎದೆಯ ಮೇಲೆ ಕೂತದ್ದು, ಜೋಯಿಡಾದ ಕಡೆ ಚಿರತೆಯೂ ಇವರೂ ಒಂದೇ ಮರದ ಮೇಲೆ ರಾತ್ರಿ ಕಳೆದದ್ದು. ಬೊಗಳೆ ಅಂತ ಬಯ್ಯುತ್ತಲೇ ಮೊದಲ ಟ್ರಿಪ್ಪಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾನು ಕೇಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಒಂದು ದಿನ ಬರದಿದ್ದರೆ ಕೈಯಲ್ಲಿನ ಚಿಲ್ಲರೆ ಲೆಕ್ಕವೂ ತಪ್ಪುತ್ತಿತ್ತು.

ಆದರೆ ನಾನು ಒಂದು ಪ್ರಶ್ನೆ ಕೇಳಿದೆನೋ, ನೂರು ಜನರ ಮುಂದೆ ಮಾನ ಹರಾಜು. "ಏ ಕಂಡಕ್ಟ್ರ, ಟಿಕೀಟ್ ಹರಿಯೋವ್ಗ ಶಿಕಾರಿ ಮಾತ್ಯಾಕಪಾ? ನಿನ್ನ ಬಸ್ಸಿನ ಸೀಟಿನ್ಯಾಗ ತಿಗಣಿ ಅದಾವ, ಅವನ್ನ ಹೊಡಿ ಹೋಗು." ಗುಂಪಿನ ತುಂಬ ನಗೆಯ ಚಿತ್ರಗಳು ಸುರಿಯುತ್ತಿದ್ದವು. ಮಳಗಿ ಊರಿನ ಅಕ್ಕಿ ವ್ಯಾಪಾರಿಯೊಬ್ಬ ಅದನ್ನೇ ಹಿಡಿದು ನನಗೆ "ತಿಗಣಿ ಶಿಕಾರಿ" ಅಂತ ಹೆಸರಿಟ್ಟಿದ್ದ.

ಗುಂಪಿನಲ್ಲಿ ಒಬ್ಬ ಪರದೇಶದವನೂ ಇದ್ದ. ಟಾಂಜಾನಿಯಾದಲ್ಲಿ ಲಾರಿ ಓಡಿಸುವ ವ್ಯಾಪಾರ. ಅವನ ಮುತ್ತಜ್ಜನ ಕಾಲದಲ್ಲೇ ಕಚ್ಛಿನಿಂದ ಅಲ್ಲಿಗೆ ಹೋದ ಮನೆತನ, ಹಿಂದಿ, ಉರ್ದು ಚೆನ್ನಾಗಿ ಬರುತ್ತಿತ್ತು. ಅವನ ದೇಶದಲ್ಲಿ ಲೈಸೆನ್ಸು ತೆಗೆದುಕೊಂಡು ಬೇಟೆಯಾಡಬಹುದಂತೆ. ಅಂಥವನು ಕೂಡ ಉಸ್ತಾದರ ಮಾತಿಗೆ ಮರುಳಾಗಿ ನಾಲ್ಕು ವರ್ಷದಿಂದ "ಗುರೂಜಿ" ಅನ್ನುತ್ತಿದ್ದ. ಗೋವೆಗೆ ಮದುವೆಗೆ ಬರುತ್ತೇನೆ, ನಿಮ್ಮ ಕೈ ಮುಟ್ಟದೆ ಹೋಗುವುದಿಲ್ಲ ಅಂತ ಒಂದು ದಿನ ಹೇಳಿದ. ಉಸ್ತಾದರ ಉತ್ತರ ಐದು ನಿಮಿಷದಲ್ಲಿ ಬಂತು. "ಆವೋ ಭಾಯಿ. ಕೈ ಏನ್ ಮುಟ್ಟತಿ, ಜಿಂಕಿ ತಿನ್ನಸ್ತೇನಿ."

ಅರ್ಧ ಮಂದಿಗೆ ಆಗಲೇ ಮನೆಯಲ್ಲಿ ಕೆಲಸ ಹುಟ್ಟಿಕೊಂಡಿತು. ಕೊನೆಗೆ ಉಸ್ತಾದರೂ ನಾನೂ ಸೇರಿ ಉಳಿದವರು ಎಂಟು ಜನ. ಸರ್ಕಾರಿ ನೌಕರ ನೀನು, ಹೋಗಬೇಡ ಅಂತ ನನ್ನ ಬುದ್ಧಿ ಹೇಳಿತು. ಎರಡು ವರ್ಷದ ಪ್ರೊಬೇಷನ್ನಿನಲ್ಲಿ ನನಗೆ ಇನ್ನೂ ಏಳು ತಿಂಗಳು ಬಾಕಿ ಇತ್ತು. ಒಂದು ಕೇಸು ಬಿದ್ದರೂ ಮನೆಗೆ ಕಳಿಸುವವರು. ಆದರೂ ಹೋದೆ. ಮುದುಕ ನಿಜವಾಗಿ ಹೊಡೆಯುತ್ತಾನೋ ಇಲ್ಲವೋ ನೋಡೇಬಿಡಬೇಕಿತ್ತು.

ಅತಿಥಿಗೆ ನಮ್ಮ ಕಡೆ ಪಾವಣ್ಯಾ ಅನ್ನುತ್ತಾರೆ; ಆ ಪರದೇಶಿ ಪಾವಣ್ಯಾನನ್ನು ರಾಮನಗರದಲ್ಲಿ ಎದುರುಗೊಳ್ಳುವುದು ಅಂತ ಮಾತಾಗಿತ್ತು. ಅಲ್ಲಿಯವರೆಗೆ ನಾವು ಯಾರೂ ಯಾರ ಮುಖವನ್ನೂ ಕಂಡವರಲ್ಲ. ಒಬ್ಬನ ಫೋಟೋದ ಜಾಗದಲ್ಲಿ ಹುಲಿ, ಇನ್ನೊಬ್ಬನದರಲ್ಲಿ ಜೋಡು ನಳಿಗೆಯ ಕೋವಿ. ಚಹಾದಂಗಡಿಯ ಮುಂದೆ ಅರ್ಧ ತಾಸು ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದೆವು. ಕಡೆಗೆ ನಾನು "ಎಲ್ಲಿದ್ದೀರಿ?" ಅಂತ ಗುಂಪಿಗೆ ಹಾಕಿದೆ. ನನ್ನ ಸುತ್ತಲೇ ಏಳು ಜೇಬು ಗುಂಯ್ ಅಂದವು. ಸುತ್ತ ಕಣ್ಣಾಡಿಸಿದರೆ ಹುಲಿಗೆ ಡೊಳ್ಳು ಹೊಟ್ಟೆ. ಜೋಡು ನಳಿಗೆ ಮುಂಡಗೋಡದಲ್ಲಿ ಬಳೆಯಂಗಡಿ ಇಟ್ಟಿದ್ದವ. ಎಲ್ಲರಿಗಿಂತ ಕುಳ್ಳಗೆ, ಕೆಮ್ಮುತ್ತ, ಗುಲಾಬಿ ಹಾರ ಹಿಡಿದು ನಿಂತಿದ್ದವರೇ ಉಸ್ತಾದರು. ಇವರೇನಾ ಅಂತ ನನಗೆ ಒಳಗೊಳಗೇ ಖುಷಿಯಾಯಿತು.

ಪಾವಣ್ಯಾ ಕಾರಿನಿಂದ ಇಳಿದವನೇ ಆ ಮೋಟು ಬೆರಳು ಹುಡುಕಿಕೊಂಡು ಬಂದು, ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. ತನ್ನ ದೇಶದಿಂದ ತಂದ ಒಂದು ಚರ್ಮದ ಟೊಪ್ಪಿಗೆಯನ್ನು ಉಸ್ತಾದರ ತಲೆಗೆ ತೊಡಿಸಿದ. ಟೊಪ್ಪಿಗೆ ಕಿವಿಯ ತನಕ ಇಳಿಯಿತು. ಮುದುಕ ಅದನ್ನು ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ.

ದಾಂಡೇಲಿಗೆ ಬಂದು ಉಸ್ತಾದರ ಹಿತ್ತಲಲ್ಲಿ ಜಮಖಾನೆ ಹಾಸಿ ಕೂತೆವು. ಒಳಗಿನಿಂದ ಚಾಚಿ, ಅಂದರೆ ಉಸ್ತಾದರ ಹೆಂಡತಿ, ದೊಡ್ಡ ಪಾತೇಲಿ ಕಳಿಸಿದರು. ಮುಚ್ಚಳ ತೆಗೆದರೆ ಓಣಿಯೆಲ್ಲ ಘಮ್ ಅಂತು. "ನಿನ್ನೆ ರಾತ್ರಿ," ಅಂದರು ಉಸ್ತಾದರು, ದನಿ ತಗ್ಗಿಸಿ. "ಒಂದ ಗುಂಡು. ಕಿವೀ ಹಿಂದ." ಪಾವಣ್ಯಾ ವಾಹ್ ಅಂದ. ಕೇಸಿನ ಭಯ ಇದ್ದರೂ ನಮ್ಮೆಲ್ಲರ ಬಾಯಲ್ಲಿ ನೀರು.

ನಮ್ಮ ಕಡೆ ಶಿಕಾರಿಯ ಮಾಂಸಕ್ಕೆ ಪಾಲಿನ ಪದ್ಧತಿ ಇದೆ. ಕೋವಿಗೆ ಒಂದು ಪಾಲು, ಕಾಡು ಸೋವಿ ಪ್ರಾಣಿ ಎಬ್ಬಿಸಿದವರಿಗೆ ಒಂದು, ನಾಯಿಗೂ ಒಂದು. ಕಥೆ ಕೇಳಿ ಬೆಳೆದ ನಾವು ಅದನ್ನು ಕಣ್ಣಾರೆ ಕಂಡಿರಲಿಲ್ಲ. ಉಸ್ತಾದರು ಸೌಟು ಹಿಡಿದು ಶಾಸ್ತ್ರದಂತೆ ಹಂಚಿದರು. ಪಾವಣ್ಯಾನಿಗೆ ತೊಡೆ. ಮಳಗಿಯಿಂದ ಬಂದಿದ್ದ ಅಕ್ಕಿ ವ್ಯಾಪಾರಿಗೆ ಯಕೃತ್ತು. ನನ್ನ ತಟ್ಟೆಯ ಹತ್ತಿರ ಬಂದು ನಿಂತರು. ಪಾತೇಲಿಯ ತಳ ಕೆದರಿ ಎರಡು ಕುತ್ತಿಗೆಯ ಎಲುಬು ಎತ್ತಿ ಹಾಕಿದರು. "ನಾಯಿ ಪಾಲು ಉಳದೈತಿ. ನಾಯಿ ಬಂದಿಲ್ಲ, ಕಂಡಕ್ಟ್ರ ಬಂದಾನ."

ಪರದೇಶದವನಿಗೆ ಅದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದವ ಮಳಗಿಯವನು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಎಲುಬು ಚೀಪುತ್ತಲೇ ಎಡಗೈಯಲ್ಲಿ ಫೋನು ತೆಗೆದು, ಪಾತೇಲಿಯನ್ನೂ ಟೊಪ್ಪಿಗೆಯ ಮುದುಕನನ್ನೂ ಸೇರಿಸಿ ಫೋಟೋ ಹೊಡೆದೆ. "ಪರದೇಶಿ ಪಾವಣ್ಯಾನ ಸಲುವಾಗಿ ನಮ್ಮ ಉಸ್ತಾದರು ಹೊಡೆದ ಜಿಂಕಿ" ಅಂತ ಬರೆದು ನನ್ನ ಸ್ಟೇಟಸ್ಸಿಗೆ ಏರಿಸಿದೆ. ಡಿಪೋದ ಮಂದಿಯೆಲ್ಲ ನೋಡುವ ಸ್ಟೇಟಸ್ಸು ಅದು. ಯಾರಾದರೂ ಅರಣ್ಯ ಇಲಾಖೆಗೆ ಹಚ್ಚಿಕೊಡಲಿ, ಮುದುಕನ ಸೊಕ್ಕು ಮುರಿಯಲಿ ಅಂತಲೇ ಹಾಕಿದ್ದು. ಸುಮ್ಮನೆ ಹಾಕಿದೆ ಅಂತ ಇವತ್ತಿಗೂ ಹೇಳುವುದಿಲ್ಲ. ಅದೇ ಜಿಂಕೆ ನನ್ನ ಹೊಟ್ಟೆಯಲ್ಲೂ ಇದೆ ಅನ್ನುವಷ್ಟು ಅಕ್ಕಲು ನನಗೆ ಆಗ ಇರಲಿಲ್ಲ.

ಊಟದ ಮೇಲೆ ಇನ್ನೂ ಚಹಾ ಬಂದಿರಲಿಲ್ಲ, ಅರಣ್ಯ ಇಲಾಖೆಯ ಜೀಪು ಬಂತು. ರೇಂಜರ್ ಸಾಹೇಬರು ಇಳಿದು, ಕೂಗಾಡದೆ, ತಮ್ಮ ಫೋನಿನಲ್ಲಿ ನನ್ನ ಸ್ಟೇಟಸ್ಸಿನ ಫೋಟೋ ತೋರಿಸಿ ನನ್ನ ನಂಬರು ಓದಿದರು. "ಇದು ಯಾರದು?" ನಾನು ಕೈ ಎತ್ತಿದೆ. ಎಂಟೂ ಜನ ನನ್ನ ಕಡೆ ತಿರುಗಿದರು. ಮಳಗಿಯವನು "ಥೂ ನಿನ್ನ" ಅಂತ ಪಕ್ಕಕ್ಕೆ ಉಗಿದ.

"ಹೊಡದವ್ರು ಯಾರು?" ಅಂತ ಕೇಳಿದ್ದೇ ತಡ, ಎಲ್ಲರ ಬೆರಳೂ ಉಸ್ತಾದರ ಕಡೆಗೆ. ನನ್ನದೂ.

"ಹೊಡದವ್ರು, ಬೇಯಿಸಿದವ್ರು, ತಿಂದವ್ರು, ಎಲ್ಲಾರೂ ನಡೀರಿ," ಅಂದರು ರೇಂಜರ್. "ಮಾಂಸ ಲ್ಯಾಬಿಗೆ ಹೋಗತೈತಿ. ವರದಿ ಬರೂತನಾ ನೀವು ಒಳಗ. ಇವರ ಪಾಸ್‌ಪೋರ್ಟ್ ತಗೋರಿ." ಪಾವಣ್ಯಾ ಬಿಳಿಚಿಕೊಂಡ. ನಾನು ಅಲ್ಲೇ ನೆಲಕ್ಕೆ ಕೂತೆ. ಸಾಹೇಬರ, ನಂದು ಪ್ರೊಬೇಷನ್ ಐತ್ರಿ, ನೌಕರಿ ಹೋಗತೈತಿ ಅಂತ ಅತ್ತೆ. ನಾಚಿಕೆಯಿಲ್ಲದೆ ಅತ್ತೆ.

ಉಸ್ತಾದರು ನನ್ನನ್ನು ನೋಡುತ್ತ ನಿಂತರು. "ಇನ್ನೂ ಎಷ್ಟೈತಲೇ?"

"ಏಳು ತಿಂಗಳ್ರಿ."

"ಮಂಗ್ಯಾನ ಮಗನ," ಅಂದರು. ಆಮೇಲೆ ರೇಂಜರ ಕಡೆ ತಿರುಗಿದರು. "ಸಾಹೇಬ್ರ, ಅದು ಕುರಿರೀ."

"ಸಿಕ್ಕಿಬಿದ್ದ ಮ್ಯಾಲ ಎಲ್ಲಾರ ಜಿಂಕೀನೂ ಕುರಿ ಆಗತೈತಿ."

ಉಸ್ತಾದರು ಒಳಗೆ ಕೂಗಿದರು. ಚಾಚಿ ಒಂದು ಬೋಗುಣಿ ತಂದು ಬಾಗಿಲಲ್ಲಿಟ್ಟು ಸರಿದರು. ಮರುದಿನ ಸೂಪು ಮಾಡಲು ಎತ್ತಿಟ್ಟ ತಲೆ ಮತ್ತು ನಾಲ್ಕು ಕಾಲು. ದಾಂಡೇಲಿಯಲ್ಲಿ ಕೊಂಡರೆ ಗುಟ್ಟು ರಟ್ಟಾಗುತ್ತದೆ ಅಂತ ಹಳಿಯಾಳಕ್ಕೆ ಹೋಗಿ ಇಡೀ ಕುರಿ ಕಡಿಸಿಕೊಂಡು ಬಂದಿದ್ದರು. ಗಾರ್ಡು ಬಗ್ಗಿ ನೋಡಿ "ಕುರಿನ ಸರ್" ಅಂದ.

ರೇಂಜರ್ ಅಷ್ಟಕ್ಕೆ ಒಪ್ಪುವವರಲ್ಲ. ಕುರಿಯ ತಲೆ ತೋರಿಸಿ ಜಿಂಕೆ ಮುಚ್ಚಿದವರನ್ನು ಅವರು ಎಷ್ಟೋ ಕಂಡಿದ್ದರು. ನನ್ನ ಫೋನು ಇಸಿದುಕೊಂಡು ಗುಂಪು ತೆರೆದರು. ನಾಲ್ಕು ವರ್ಷದ ವಾಯ್ಸ್ ಮೆಸೇಜು ಅಲ್ಲಿತ್ತು. ಒಂದೊಂದನ್ನೇ ಒತ್ತಿದರು. ಹಿತ್ತಲಿನ ತುಂಬ ಉಸ್ತಾದರ ಗಂಭೀರ ದನಿ ಮೊಳಗಿತು. ಸ್ವಲ್ಪ ಕೇಳಿಸಿ ನಿಲ್ಲಿಸುವರು.

"ಈ ಕರಡಿ?"

"ಸುಳ್ಳ್ರಿ."

"ಜೋಯಿಡಾದ ಚಿರತಿ?"

"ಸುಳ್ಳ್ರಿ ಸಾಹೇಬ್ರ."

"ಸೂಪಾದ ಹಂದಿ? ಬೆರಳು?"

ಉಸ್ತಾದರು ಆ ಮೋಟು ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. ಪಾವಣ್ಯಾ ಬಾಯಿ ತೆರೆದು ಅವರನ್ನೇ ನೋಡುತ್ತಿದ್ದ. "ಫ್ಯಾನ್ ಬೆಲ್ಟಿಗೆ ಸಿಕ್ಕಿದ್ದರಿ. ಹನ್ನೊಂದನೇ ವಯಸ್ಸಿನ್ಯಾಗ. ನಾ ಜನ್ಮದಾಗ ಗುಬ್ಬಿನೂ ಹೊಡದಾವಲ್ಲ. ಪಟಾಕಿಗಿ ಅಂಜತೇನಿ. ಪಂಪ್ ತಂದ ರೈತರು ಕುಂತ ಹೇಳಿದ ಕಥಿ ಕೇಳಿ ಕೇಳಿ ನನ್ನವು ಮಾಡ್ಕೊಂಡೇನಿ."

ಮುಂಡಗೋಡದವ ಮೊದಲು ನಕ್ಕ. ಆಮೇಲೆ ಎಲ್ಲರೂ, ಗಾರ್ಡುಗಳೂ. ಬದುಕಿದೆವು ಅನ್ನುವ ನಗೆಯಲ್ಲಿ ನನ್ನದೂ ಸೇರಿತ್ತು. ರೇಂಜರು ಒಳಗೆ ಗೋಡೆಗೆ ತೂಗುಹಾಕಿದ್ದ ಉಸ್ತಾದರ ಕೋವಿ ಇಳಿಸಿ ನೋಡಿದರೆ ಅದರ ನಳಿಗೆಗೆ ಸೀಸ ತುಂಬಿತ್ತು, ಗುಜರಿಯ ಮಾಲು. "ಬರದು ಕೊಡ್ರಿ ಎಲ್ಲಾ," ಅಂದರು. ಉಸ್ತಾದರಿಗೆ ಬರೆಯಲು ಬಾರದು. ನೀನು ಬರಿ ಅಂತ ಕಾಗದ ನನ್ನ ಕೈಗೇ ಬಂತು. ನಾನು ಹುಟ್ಟಿದಾಗಿನಿಂದ ಯಾವ ಪ್ರಾಣಿಯನ್ನೂ ಬೇಟೆಯಾಡಿರುವುದಿಲ್ಲ, ಗುಂಪಿನಲ್ಲಿ ಹೇಳಿದ್ದೆಲ್ಲವೂ ಸುಳ್ಳಾಗಿರುತ್ತದೆ ಅಂತ ಚಂದದ ಕನ್ನಡದಲ್ಲಿ ಬರೆದೆ. ಎಲ್ಲರಿಗೂ ಕೇಳುವಂತೆ ಓದಿಯೂ ಹೇಳಿದೆ. ಅವರು ತಮಗೆ ಬರೆಯಲು ಬರುತ್ತಿದ್ದ ಹೆಸರೊಂದನ್ನೇ ಉರ್ದುವಿನಲ್ಲಿ ಗೀಚಿ ಸಹಿ ಮಾಡಿದರು. ಮಾಂಸದ ಒಂದು ತುಂಡು ಸೀಲು ಮಾಡಿಕೊಂಡು ಜೀಪು ಹೋಯಿತು.

ಉಸ್ತಾದರು ಟೊಪ್ಪಿಗೆ ತೆಗೆದು ಪಾವಣ್ಯಾನ ಮುಂದೆ ಹಿಡಿದರು. "ಯೇ ಶಿಕಾರೀ ಕೇ ಲಿಯೇ ಲಾಯಾ ಥಾ," ಶಿಕಾರಿಯವನಿಗೆ ಅಂತ ತಂದಿದ್ದಿ, ಅಂದರು. ಬೇಡ, ಇಟ್ಟುಕೊಳ್ಳಿ ಅನ್ನುತ್ತಾನೆ ಅಂತ ನಾನು ಕಾದೆ. ಅವನು ತೆಗೆದುಕೊಂಡ. ಸಲಾಮನ್ನೂ ಹೇಳದೆ ಕಾರು ಹತ್ತಿದ.

ಅವತ್ತೇ ಸಂಜೆ ಗುಂಪಿನಲ್ಲಿ, ಕುರಿ ಶಿಕಾರಿಯನ್ನು ತೆಗೆದುಹಾಕು ಅಂತ ಗದ್ದಲ. ಅಡ್ಮಿನ್ ನಾನೇ. ಒತ್ತಿದೆ. ನನ್ನನ್ನು ಉಳಿಸಲು ಆ ಮನುಷ್ಯ ತನ್ನ ಹೆಸರನ್ನೇ ಸುಟ್ಟುಕೊಂಡ ಅಂತ ಗೊತ್ತಿದ್ದೇ ಒತ್ತಿದೆ. ಬಾಯಿ ಮುಚ್ಚಿಕೊಂಡು ಜೀಪು ಹತ್ತಿದ್ದರೆ ಲ್ಯಾಬಿನ ವರದಿ ಬಂದು ಅವರು ಹೇಗೂ ಬಿಡುಗಡೆಯಾಗುತ್ತಿದ್ದರು. ಜೈಲು ಕಂಡ ಶಿಕಾರಿ ಅಂತ ಹೆಸರು ಇನ್ನೂ ಏರುತ್ತಿತ್ತು. ನನ್ನ ನೌಕರಿಯೊಂದು ಹೋಗುತ್ತಿತ್ತು, ಅಷ್ಟೇ. ಇಷ್ಟೆಲ್ಲ ತಿಳಿದೂ, ಬಸ್ಸಿನಲ್ಲಿ ಯಾರಾದರೂ ಕುರಿ ಉಸ್ತಾದನ ಸುದ್ದಿ ತೆಗೆದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. ಉಪಕಾರ ಮಾಡಿದವನ ಮುಖ ನೋಡುವುದು ವೈರಿಯ ಮುಖ ನೋಡುವುದಕ್ಕಿಂತ ಕಷ್ಟ. ಅಷ್ಟರಲ್ಲಿ ನನಗೆ ದಾಂಡೇಲಿಯ ರೂಟು ಬಿದ್ದು, ನನ್ನ ಬಸ್ಸು ದಿನಕ್ಕೆ ಎರಡು ಸಲ ಅವರ ಶೆಡ್ಡಿನ ಮುಂದೆ ಹಾಯುತ್ತಿತ್ತು. ನಾನು ಆಚೆ ಬದಿಯ ಸೀಟಿಗೆ ಟಿಕೀಟು ಕೊಡುತ್ತಿದ್ದೆ.

ಹತ್ತು ತಿಂಗಳಿಗೆ ಅವರು ಹೋಗಿಬಿಟ್ಟರು, ಎದೆನೋವು ಅಂದರು. ಮಣ್ಣಿಗೆ ಹೋಗುವ ಧೈರ್ಯ ನನಗಾಗಲಿಲ್ಲ. ಮೂರನೇ ದಿನ ಡ್ಯೂಟಿ ಮುಗಿಸಿ, ಖಾಕಿಯಲ್ಲೇ ಹೋಗಿ ಹಿತ್ತಲ ಬಾಗಿಲಲ್ಲಿ ನಿಂತೆ. ಪರದೆಯ ಒಳಗಿನಿಂದ ಚಾಚಿಯ ದನಿ ಬಂತು.

"ಕಂಡಕ್ಟ್ರೇನ್ರಿ? ನಿಮ್ಮ ನೌಕರಿ ಕಾಯಂ ಆತೇನ್ರಿ?"

ನನ್ನ ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

"ಪಂಪಿನ ಕೆಲಸ ಬಿಟ್ಟು ನಿಮ್ಮ ಬಸ್ ಬಂದಾಗೊಮ್ಮೆ ರಸ್ತಾಕ ಬಂದ ನಿಲ್ತಿದ್ರು. ಏಳು ತಿಂಗಳು ಆಗಿಹೋತು, ಆ ಮಂಗ್ಯಾ ಇನ್ನೂ ಬಂದು ಹೇಳ್ಲಿಲ್ಲ, ಏನರ ತಕರಾರ ಆತೋ ಏನೋ ಅಂತಿದ್ರು. ಕಡೇ ದಿನಾನೂ ಕೇಳಿದ್ರು."

"ಕಾಯಂ ಆತ್ರಿ ಚಾಚಿ," ಅಂದೆ.

ಆಗಿ ಮೂರು ತಿಂಗಳಾಯಿತು ಅನ್ನಲು ನನಗೆ ಬಾಯಿ ಬರಲಿಲ್ಲ.