ಸೇಡಂನಲ್ಲಿ ಐದು ಗಂಟೆಯ ಹಗಲು

ಇವತ್ತು ಬೆಳಿಗ್ಗೆ ಅಂಗಳ ತೊಳೆದೆ. ಗಿರಣಿಗೆ ಜೋಳ ಕೊಟ್ಟು ಬಂದೆ. ತೊಗರಿಬೇಳೆ ಆರಿಸಿದೆ, ಒಣಗಿದ ಬಟ್ಟೆ ಮಡಚಿದೆ. ಆಮೇಲೆ ಫ್ರಿಜ್ ಬಂದ್ ಮಾಡಿ ತೊಳೆಯಲು ಕೂತೆ. ಉಪ್ಪು ಹಾಕಿಟ್ಟಿದ್ದ ಮಾವಿನ ಹೋಳಿನ ನೀರು ಒಳಗೆ ಚೆಲ್ಲಿ ಹೆಪ್ಪುಗಟ್ಟಿತ್ತು. ಅದು ಕರಗುತ್ತಿದ್ದಂತೆ ತಣ್ಣನೆಯ ಉಪ್ಪಿನ ವಾಸನೆಯೊಂದು ಮೂಗಿಗೆ ಬಂತು... ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಮೇಡಂ ನೆನಪಾದರು.

ನಾನಾಗ ಚಿತ್ತಾಪುರದಿಂದ ಪ್ಯಾಸೆಂಜರ್ ರೈಲಿನಲ್ಲಿ ಸೇಡಂಗೆ ಹೋಗಿ, ಅಲ್ಲಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ ಮಾಡುತ್ತಿದ್ದೆ. ಮೇಡಂ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಹಿಂದೆ ಕೆಲಸ ಮಾಡಿದ್ದ ಕಡಲತೀರದ ಸಂಸ್ಥೆಯಿಂದ ದಕ್ಷಿಣ ಧ್ರುವದ ಕಡೆಯ ಕಡಲಪಾಚಿಯನ್ನು ನಾಲ್ಕು ಫ್ಲಾಸ್ಕುಗಳಲ್ಲಿ ತಂದಿದ್ದರು. ಹೊರಗೆ ಬರಿಗಾಲಲ್ಲಿ ಮೆಟ್ಟಲಾಗದಂತೆ ಶಹಾಬಾದ್ ಕಲ್ಲು ಕಾಯುತ್ತಿದ್ದರೆ, ಕಿಟಕಿಯಿಲ್ಲದ ಒಳಕೋಣೆಯ ಗಾಜಿನ ಬಾಗಿಲಿನ ತಂಪುಪೆಟ್ಟಿಗೆಯಲ್ಲಿ ಅವು ಮಂಜುಗಡ್ಡೆಯಷ್ಟು ತಣ್ಣನೆಯ ಉಪ್ಪುನೀರಿನೊಳಗೆ ಹಾಯಾಗಿರುತ್ತಿದ್ದವು. ಕಣ್ಣಿಗೆ ಕಾಣುತ್ತಿದ್ದುದು ಕಂದು ಬಣ್ಣದ ನವಿರು ಎಳೆಗಳಷ್ಟೇ. ಅವು ಕೂಡಿ ಮರಿ ಕಟ್ಟಿದರೆ ಆ ಮರಿ ಕಡಲಿನಲ್ಲಿ ಆಳೆತ್ತರ ಬೆಳೆಯುತ್ತದಂತೆ.

ಪೆಟ್ಟಿಗೆಯ ದೀಪ ಬೆಳಿಗ್ಗೆ ಏಳಕ್ಕೆ ತಾನೇ ಹತ್ತಿ ಮಧ್ಯಾಹ್ನ ಹನ್ನೆರಡಕ್ಕೆ ಆರುತ್ತಿತ್ತು. ಆದರೂ ಮರಿ ಕಟ್ಟಲಿಲ್ಲ. ಮೇಡಂ ನೀರು ಬದಲಿಸಿದರು, ಉಪ್ಪು ಮತ್ತೆ ಮತ್ತೆ ತೂಗಿದರು. ಹುಡುಗರ ಪರೀಕ್ಷೆ ಮುಗಿಯುವುದರೊಳಗೆ ಏನೂ ಆಗದಿದ್ದರೆ ಪೆಟ್ಟಿಗೆಯನ್ನು ಬೇರೆ ವಿಭಾಗಕ್ಕೆ ಕೊಡುತ್ತೇನೆಂದು ಪ್ರಿನ್ಸಿಪಾಲರು ಹೇಳಿಬಿಟ್ಟರು. ಪೆಟ್ಟಿಗೆ ಹೋದರೆ ಸೇಡಂನ ಸೆಕೆಯಲ್ಲಿ ಆ ಪಾಚಿ ಒಂದು ದಿನವೂ ಉಳಿಯುವಂತಿರಲಿಲ್ಲ.

ಒಂದು ಸಂಜೆ ಮೇಡಂ ಮರೆತ ಕನ್ನಡಕಕ್ಕಾಗಿ ತಿರುಗಿ ಬಂದರು. ನಾನು ಪೆಟ್ಟಿಗೆಯ ಪಕ್ಕದ ಸ್ವಿಚ್ ಒತ್ತಿ ದೀಪ ಹಚ್ಚಿ, ಕೈಮುಗಿದು ನಿಂತಿದ್ದೆ.

"ಏನ್ ಮಾಡ್ಲಿಕತ್ತಿ ತಂಗಿ?"

"ದೀಪ ಹಚ್ಚೋ ಹೊತ್ತಾತಲ್ರಿ ಮೇಡಂ. ಜೀವ ಇರೋ ಜಾಗಾ ಈ ಹೊತ್ತಿನಾಗ ಕತ್ತಲಿ ಇರಬಾರದ್ರಿ. ಸಾಮಾನು ಒರೆಸೋ ತನಕ ಅಷ್ಟೇ, ಆಮ್ಯಾಲ ಬಂದ್ ಮಾಡ್ತೀನ್ರಿ."

"ಯಾವಾಗಿಂದ?"

"ಕೆಲಸಕ್ಕ ಬಂದಾಗಿಂದ್ರಿ."

ಮೇಡಂ ಸ್ಟೂಲಿನ ಮೇಲೆ ಕೂತುಬಿಟ್ಟರು. ಕೈ ಚಾಚಿ ದೀಪ ಆರಿಸಿದರು.

"ನಾ ನೀರಿನ ಮ್ಯಾಲ ಅನುಮಾನ ಪಟ್ಟೆ. ನೀ ದಿನಾ ಅವಕ್ಕ ಬ್ಯಾಸಿಗಿ ತೋರಿಸ್ಲಿಕತ್ತಿದ್ದಿ" ಎಂದರು. ಬೈಗುಳವೋ ನಗೆಯೋ ತಿಳಿಯಲಿಲ್ಲ.

ಆಮೇಲೆ ಕೂರಿಸಿಕೊಂಡು ತಿಳಿಸಿದರು. ಆ ಪಾಚಿ ಋತುವನ್ನು ಹಗಲಿನ ಉದ್ದದಿಂದ ಅರಿಯುತ್ತದೆ. ಗಿಡ್ಡ ಹಗಲು, ನಡುವೆ ಮುರಿಯದ ಉದ್ದ ಕತ್ತಲೆ ಸಿಕ್ಕರೆ ಮಾತ್ರ ಚಳಿಗಾಲ ಬಂತೆಂದು ನಂಬಿ ಮರಿಗೆ ತಯಾರಾಗುತ್ತದೆ. ನನ್ನ ಅರ್ಧ ತಾಸಿನ ದೀಪ ಆ ಕತ್ತಲೆಯನ್ನು ಪ್ರತಿ ಸಂಜೆ ಮುರಿದಿತ್ತು.

ಮರುದಿನ ಕೆಲಸ ಹೋಯಿತೆಂದೇ ಹೊರಟೆ. ಹೋಗಿ ನೋಡಿದರೆ ಮೇಡಂ ಪ್ರಿನ್ಸಿಪಾಲರ ಕೋಣೆಯಲ್ಲಿದ್ದರು. "ಬೆಳಕಿನ ಲೆಕ್ಕದಲ್ಲಿ ನಾನೇ ತಪ್ಪಿದೆ, ಇನ್ನೆರಡು ತಿಂಗಳು ಕೊಡಿ" ಎಂದು ಕೇಳುತ್ತಿದ್ದುದು ಬಾಗಿಲಿನವರೆಗೂ ಕೇಳಿಸಿತು. ನನ್ನ ಹೆಸರು ಎತ್ತಲಿಲ್ಲ. ಹೊರಗೆ ಬಂದವರೇ, "ಇನ್ನ ಕತ್ತಲಿ ಕಾಯೋ ಕೆಲಸ ನಿಂದು" ಎಂದು ಪೆಟ್ಟಿಗೆಯ ಕೀಲಿ ನನ್ನ ಕೈಗಿಟ್ಟರು. ಮನೆಯಿಂದ ಹಳೆ ಸೀರೆ ಹೊಲಿದ ದಪ್ಪ ಕೌದಿ ಒಯ್ದು ಗಾಜಿನ ಬಾಗಿಲಿಗೆ ಇಳಿಬಿಟ್ಟೆ. ಸಂಜೆಯಾದರೆ ಕೈ ಸ್ವಿಚ್ಚಿನ ಕಡೆ ಹೋಗುತ್ತಿತ್ತು, ಸೆರಗಿನಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದೆ.

ಎರಡು ತಿಂಗಳು ತುಂಬಲು ನಾಲ್ಕು ದಿನವಿತ್ತು. ಮೇಡಂ ಸೂಕ್ಷ್ಮದರ್ಶಕಕ್ಕೆ ಗಾಜಿನ ಪಟ್ಟಿ ಇಟ್ಟು, ತಾವು ನೋಡದೆ ಸರಿದು ನಿಂತರು. "ಮೊದಲ ನೀ ನೋಡು." ಕಂದು ಎಳೆಯ ತುದಿಯಲ್ಲಿ ಎಳ್ಳಿನ ಮೊಳಕೆಯಂಥದ್ದೊಂದು ನಿಂತಿತ್ತು. ಮೇಡಂ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ.

ನಿವೃತ್ತಿಯಾದ ವರ್ಷ ಮೇಡಂ ಮರಿಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ಕಡಲತೀರಕ್ಕೆ ಮರಳಿ ಕಳಿಸಿದರು. ಹೋದ ವರ್ಷ ಅವರೂ ಹೋದರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಅವರ ಮಣ್ಣು ಮುಗಿದಿತ್ತು. ಬಾಗಿಲಿನಾಚೆ ನಿಂತು ನಾನು ಎಲ್ಲ ಕೇಳಿಸಿಕೊಂಡೆನೆಂದು ಅವರಿಗೆ ಹೇಳಲೇ ಇಲ್ಲ...

ಇಂದು ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡೆವು. ಉಣ್ಣುತ್ತಾ ಮಗಳಿಗೆ ಇದನ್ನೆಲ್ಲ ಮೊದಲ ಸಲ ಹೇಳಿದೆ. "ಆಕಿ ನಿನಗ ಒಂದ್ ಮಾತೂ ಅನ್ಲಿಲ್ಲೇನವ್ವ?" ಎಂದಳು. ಇಲ್ಲವೆಂದೆ. ಉಂಡು ಅಡ್ಡಾದಾಗ ನನಗಿಂತ ಮೊದಲು ಅವಳೇ ನಿದ್ದೆ ಹೋದಳು. ಕಿಟಕಿಯ ಬಿಸಿಲು ಅವಳ ಕಣ್ಣ ಮೇಲೆ ಬೀಳುತ್ತಿತ್ತು. ಎದ್ದು ಪರದೆ ಎಳೆದೆ.